ಹಾಲು ಹಲ್ಲು ತಾನೇ ಅಂತ ಬಿಡುವುದೇ?

ಕರಾವಳಿಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಮಕ್ಕಳ ದಿನ ಮದ್ರಸ, ಶಾಲೆ, ಟ್ಯೂಷನ್‌ನಲ್ಲೇ ಮುಗಿಯುತ್ತೆ. ಆಟ ಯಾವಾಗ? ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವೋ ಮೊಬೈಲ್ ಕೊಟ್ಟು ಪಕ್ಕದಲ್ಲಿ ಬಿಸ್ಕತ್ತು, ಕೂಲ್‌ಡ್ರಿಂಕ್ಸ್ ಇಡುತ್ತೇವೆ. ಬಾಯಿಯ ಬ್ಯಾಕ್ಟೀರಿಯಾ ಆ ಸಕ್ಕರೆಯಿಂದ ಆಮ್ಲ ಮಾಡಿ ಹಲ್ಲು ಕೊರೆಯುತ್ತವೆ. ಮೈ ದಣಿಯದಿದ್ದರೆ ಅದೇ ಸಕ್ಕರೆ ಕೊಬ್ಬಾಗಿ ಕೂರುತ್ತೆ. ಹಾಗಂತ ಹುಳುಕು ದಪ್ಪ ಮಕ್ಕಳಿಗಷ್ಟೇ ಅಲ್ಲ. ನೋವಿಗೆ ಅಗಿಯಲಾಗದೆ ತಟ್ಟೆ ತಳ್ಳುವ ಮಗು ಸೊರಗುತ್ತೆ. 'ಸರಿಯಾಗಿ ತಿನ್ನಲ್ಲ' ಅಂತ ಗದರುವ ನಾವು ಬಾಯಿ ತೆರೆಸಿ ನೋಡುವುದಿಲ್ಲ. ಆರರ ಹೊತ್ತಿಗೆ ಹಿಂದೆ ಮೂಡುವ ದವಡೆ ಹಲ್ಲಂತೂ ಹಾಲು ಹಲ್ಲೇ ಅಲ್ಲ, ಹೋದರೆ ಮತ್ತೆ ಬಾರದು. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗೇ ಪ್ರತ್ಯೇಕ ವಿಭಾಗವಿದೆ. ನೋವಿಲ್ಲದಿದ್ದರೂ ಒಮ್ಮೆ ತೋರಿಸಿ ಬರಬಹುದು.