ಬ್ಯಾಟರಿ ಮೊಳೆ ಗನ್: ದಬ್ಬೆ ಹೊಡೆಯುವಾಗ ಕೈ ಜೋಪಾನ

ಅಡಿಕೆ ಸುಗ್ಗಿಗೆ ಮುಂಚೆ ಕಾಗದನಗರದ ಸುತ್ತಮುತ್ತ ಚಪ್ಪರ, ಕೊಟ್ಟಿಗೆ ರಿಪೇರಿ ಇದ್ದೇ ಇರುತ್ತೆ. ಬ್ಯಾಟರಿ ಮೊಳೆ ಗನ್ ಇದ್ದರೆ ಕೆಲಸ ಬೇಗ ಸಾಗುತ್ತೆ, ನಿಜ. ಆದರೆ ಅಡಿಕೆ ದಬ್ಬೆ ತೆಳು. ಮೊಳೆ ಅದನ್ನು ದಾಟಿ ಹಿಂದಿರುವ ಕೈಗೇ ಹೊಕ್ಕಬಹುದು. ಕಾಗದ ಕಾರ್ಖಾನೆಗೆಂದು ನಮ್ಮ ಕಡೆ ಬೆಳೆಸಿದ ಅಕೇಶಿಯಾ ಇದೆಯಲ್ಲ, ಅದರ ಗಂಟಿಗೆ ಬಡಿದರೆ ಮೊಳೆ ಬಾಗಿ ಪಕ್ಕಕ್ಕೆ ಬರುತ್ತೆ. ಹಿಡಿದ ಕೈ ಒಂದು ಅಡಿ ದೂರ ಇರಲಿ. ಹಿಂದೆ ಯಾರೂ ನಿಲ್ಲಬಾರದು. ಕಣ್ಣಿಗೆ ಸೇಫ್ಟಿ ಕನ್ನಡಕ ಬೇಕೇ ಬೇಕು.

ಮೂತಿಯನ್ನು ಮರಕ್ಕೆ ಒತ್ತಿದರೆ ಮಾತ್ರ ಮೊಳೆ ಹಾರುವಂತೆ ಗನ್ನಿನಲ್ಲಿ ಲಾಕ್ ಇರುತ್ತೆ. ಬೇಗ ಮುಗೀಲಿ ಅಂತ ಅದನ್ನು ತಂತಿ ಸುತ್ತಿ ಕಟ್ಟಿಹಾಕುವವರಿದ್ದಾರೆ. ಅಂಥ ಗನ್ ಯಾರೇ ಕೊಟ್ಟರೂ ಮುಟ್ಟಬೇಡಿ. ಒಂದೊಂದೇ ಮೊಳೆ ಹೊಡೆಯುವ ಮೋಡಿನಲ್ಲೇ ಇಡಿ, ಏಣಿ ಮೇಲಂತೂ ಬೇರೆ ಮೋಡ್ ಬೇಡವೇ ಬೇಡ.

ಮೊಳೆ ಸಿಕ್ಕಿಕೊಂಡರೆ ಮೊದಲು ಬ್ಯಾಟರಿ ಕಳಚಿ, ಆಮೇಲೆ ಮೊಳೆ ಪಟ್ಟಿ ತೆಗೆಯಿರಿ, ಮೂತಿ ಬಿಚ್ಚೋದು ಕೊನೆಗೆ. ಸಂಜೆ ಒಣ ಬಟ್ಟೆಯಲ್ಲಿ ದೂಳು ಒರೆಸಿದರೆ ಸಾಕು; ಕಂಪೆನಿ ಪುಸ್ತಕದಲ್ಲಿ ಹೇಳದಿದ್ದರೆ ಎಣ್ಣೆ ಬಿಡಬೇಡಿ. ಬ್ಯಾಟರಿಯನ್ನು ಅಡಿಕೆ ಬೇಯಿಸೋ ಒಲೆ ಹತ್ತಿರವಾಗಲಿ, ಮಳೆ ಎರಚಲು ಬೀಳೋ ಕಡೆಯಾಗಲಿ ಇಡಬಾರದು.

ಮೊಳೆ ಮೈಗೆ ಆಳವಾಗಿ ಹೊಕ್ಕರೆ ನೀವೇ ಕೀಳಬೇಡಿ. ಅಲ್ಲಾಡದಂತೆ ಸುತ್ತಲೂ ಬಟ್ಟೆ ಕಟ್ಟಿ, ಭದ್ರಾವತಿ ಸರ್ಕಾರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ತಕ್ಷಣ ಹೋಗಿ. ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳೋದು ಮರೀಬೇಡಿ.