ಗಾಡಿ ಕಾರ್ಖಾನೆಯದು, ಎತ್ತು ನಮ್ಮದು

ನವೆಂಬರಿನ ಚಳಿ ಬಿತ್ತೆಂದರೆ ಸಾಂಗಲಿ, ಮೀರಜ, ಕುಪವಾಡದ ಸುತ್ತಲಿನ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಕುಪವಾಡದ ಕೈಗಾರಿಕಾ ವಸಾಹತಿನಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವರಿಗೆ ಕಬ್ಬು ಹೇರಿದ ಎತ್ತಿನ ಗಾಡಿಗಳು ಎದುರಾಗುವ ಕಾಲವಿದು. ಗಾಡಿಯಲ್ಲಿ ಆಳೆತ್ತರಕ್ಕೂ ಮೀರಿ ಕಬ್ಬಿನ ಹೊರೆ, ಅದರ ಮೇಲೆ ಕಂಬಳಿ ಹೊದ್ದು ಕೂತ ಹೆಂಗಸು, ಮುಂದೆ ಹಗ್ಗ ಹಿಡಿದ ಗಂಡಸು, ಅವನ ಮುಂದೆ ಬಿಳಿಯ ಜೋಡೆತ್ತು. ಕಾರ್ಖಾನೆಯ ತೂಕದ ಕಾಟಾದ ಹತ್ತಿರ ಸರದಿ ನಿಂತಲ್ಲಿ ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ: "ಮಾಮಾ, ನಿಮ್ಮ ಕಾಟಾ ಆತೇನು?" ಕೇಳಿದವನು ಜತ್ತ ಕಡೆಯವನಿರಬಹುದು, ವಿಜಯಪುರ ಜಿಲ್ಲೆಯವನಿರಬಹುದು.

ಆ ಎತ್ತು ಅವನದು, ಕಬ್ಬು ಕಡಿಯುವ ಕೋಯ್ತಾ ಅವನದು. ಆದರೆ ಗಾಡಿ ಅವನದಲ್ಲ. ಕಬ್ಬಿನ ಹಂಗಾಮಿನ ಐದಾರು ತಿಂಗಳಿಗೆಂದು ಕಾರ್ಖಾನೆಯಿಂದ ಬಾಡಿಗೆಗೆ ಪಡೆದದ್ದು. ಸಕ್ಕರೆಯ ಬೆಲೆ, ಕಬ್ಬಿನ ದರ, ಕಾರ್ಖಾನೆಗಳ ಚುನಾವಣೆ ಎಲ್ಲವೂ ಪತ್ರಿಕೆಗಳಲ್ಲಿ ಬರುತ್ತವೆ. ಸಕ್ಕರೆಯ ಮೊದಲ ಮೈಲಿಯನ್ನು ದಾಟಿಸುವ ಈ ಬಾಡಿಗೆ ಗಾಡಿಯ ಮಾತು ಮಾತ್ರ ಅಪರೂಪ.

ಮೂರು ಬಗೆಯ 'ಸೆಂಟರ್'

ಕಬ್ಬು ಕಡಿಯುವವರ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿದರೆ ಒಂದು 'ಕೋಯ್ತಾ'. ಒಂಟಿಯಾಗಿ ಬಂದವರು ಅರ್ಧ ಕೋಯ್ತಾ. ಕಡಿಯುವ ಕತ್ತಿಯ ಹೆಸರೇ ಮನುಷ್ಯರ ಅಳತೆಯಾಗಿದೆ. ಮಳೆಗಾಲದಲ್ಲೇ ಕೂಲಿಯವರನ್ನು ಒದಗಿಸುವ ಗುತ್ತಿಗೆದಾರ, ಅಂದರೆ ಮುಕಾದಮ, ಊರಿಗೆ ಬಂದು 'ಉಚಲ' ಎಂಬ ಮುಂಗಡ ಕೊಟ್ಟು ಜೋಡಿಗಳನ್ನು ಗೊತ್ತುಮಾಡುತ್ತಾನೆ. ಆ ಮುಂಗಡ ತೀರುವಷ್ಟು ಕಬ್ಬು ಕಡಿಯುವುದು ಅವರ ಚಳಿಗಾಲದ ಕೆಲಸ.

ಸಾಗಾಟದ ರೀತಿ ನೋಡಿ ಕೆಲಸದ ತಂಡಗಳನ್ನು ಮೂರಾಗಿ ವಿಂಗಡಿಸುವ ರೂಢಿ ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿದೆ. ಕಡಿದ ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಲಾರಿಗೋ ಟ್ರ್ಯಾಕ್ಟರಿಗೋ ಏರಿಸುವವರದು 'ಡೋಕಿ ಸೆಂಟರ್'. ಸ್ವಂತ ಚಕ್ಕಡಿ ಕಟ್ಟಿಕೊಂಡು ಬರುವವರದು 'ಗಾಡಿ ಸೆಂಟರ್'. ಎತ್ತು ಮಾತ್ರ ತಂದು, ಕಾರ್ಖಾನೆಯ ರಬ್ಬರ್ ಗಾಲಿಯ ಗಾಡಿ ಹೂಡುವವರದು 'ಟಯರ್ ಸೆಂಟರ್'. ಟಯರ್ ಗಾಡಿ ಓಡುವುದು ಕಾರ್ಖಾನೆಯ ಆಸುಪಾಸಿನ ಹೊಲಗಳಿಗೆ. ದೂರದ ಕಬ್ಬಿಗೆ ಲಾರಿ, ಟ್ರ್ಯಾಕ್ಟರ್.

ಬಾಡಿಗೆಯ ಹಣ ಕೈಯಿಂದ ಕೈಗೆ ಬರುವುದಿಲ್ಲ. ಕಡಿತ ಮತ್ತು ಸಾಗಾಟದ ಕೂಲಿಯ ಲೆಕ್ಕದಲ್ಲೇ ಮುರಿದುಕೊಳ್ಳುತ್ತಾರೆ. ಹಂಗಾಮು ಮುಗಿದಾಗ ಗಾಡಿ ವಾಪಸು.

ಋತುವಿಗೊಂದು ಬಾಡಿಗೆ

ಹಂಗಾಮಿಗೆಂದೇ ಸಲಕರಣೆ ಬಾಡಿಗೆಗೆ ಹಿಡಿಯುವುದು ಲೋಕದಲ್ಲೆಲ್ಲ ಇರುವ ಜಾಣತನ. ಹಿಮ ಬೀಳುವ ದೇಶಗಳಲ್ಲಿ ಮಕ್ಕಳಿಗೆ ಸ್ಕೀ ಹಲಗೆ, ಬೂಟು, ಊರುಗೋಲುಗಳನ್ನು ಚಳಿಗಾಲದ ಮೊದಲೇ ಇಡೀ ಋತುವಿಗೆ ಬಾಡಿಗೆಗೆ ತಂದು, ಹಿಮ ಕರಗಿದ ಮೇಲೆ ಹಿಂತಿರುಗಿಸುತ್ತಾರೆ. ಮುಂದಿನ ವರ್ಷಕ್ಕೆ ಮಗುವಿನ ಪಾದ ಬೆಳೆದಿರುತ್ತದೆ, ಕೊಂಡ ಬೂಟು ಮೂಲೆ ಸೇರುತ್ತದೆ. ವರ್ಷದ ಅರ್ಧಭಾಗ ಸುಮ್ಮನೆ ಬಿದ್ದಿರುವ ವಸ್ತುವಿಗೆ ದುಡ್ಡು ಹೂಡುವುದೇಕೆ?

ಟಯರ್ ಗಾಡಿಗೂ ಅದೇ ನ್ಯಾಯ. ಕಬ್ಬಿಲ್ಲದ ಊರಿನಲ್ಲಿ ಆ ಭಾರಿ ಗಾಡಿಗೆ ಕೆಲಸವಿಲ್ಲ. ಬರದ ನಾಡಿನಿಂದ ಬರುವವನು ಅದನ್ನು ಕೊಂಡು, ಮಳೆಗಾಲದಲ್ಲಿ ಕಾದು, ಮತ್ತೆ ಸಾಂಗಲಿಗೆ ತರುವುದು ಆಗದ ಮಾತು. ಕಾರ್ಖಾನೆಗಾದರೆ ಹೊತ್ತಿಗೆ ಸರಿಯಾಗಿ ಕಬ್ಬು ಬರಬೇಕು. ಕಡಿದ ಕಬ್ಬನ್ನು ಒಂದು ದಿನದೊಳಗೆ ನುರಿಸದಿದ್ದರೆ ಅದರೊಳಗಿನ ಸಕ್ಕರೆ ಕರಗುತ್ತ ಹೋಗುತ್ತದೆ, ತೂಕವೂ ಇಳಿಯುತ್ತದೆ. ಹಾಗಾಗಿ ಗಾಡಿಯನ್ನು ಕಾರ್ಖಾನೆ ಇಟ್ಟುಕೊಂಡು ಬಾಡಿಗೆಗೆ ಕೊಡುವುದು ಇಬ್ಬರಿಗೂ ಒಗ್ಗುವ ಏರ್ಪಾಡು.

ಮರದ ಗಾಲಿಯಿಂದ ಟಯರಿಗೆ

ಕಬ್ಬಿಣದ ಹಳಿ ಬಿಗಿದ ಮರದ ಗಾಲಿ ಹಸಿ ನೆಲದಲ್ಲಿ ಹೂತುಕೊಳ್ಳುತ್ತದೆ, ಡಾಂಬರು ರಸ್ತೆಯನ್ನು ಕೊರೆಯುತ್ತದೆ. ಗಾಳಿ ತುಂಬಿದ ಟಯರು, ಬೇರಿಂಗ್ ಕೂಡಿಸಿದ ಅಚ್ಚು ಬಂದ ಮೇಲೆ ಅದೇ ಜೋಡೆತ್ತು ಹೆಚ್ಚು ಭಾರ ಎಳೆಯುವಂತಾಯಿತು. ನಮ್ಮ ಹಳ್ಳಿಗಳಲ್ಲಿ ಟಯರ್ ಗಾಡಿಯನ್ನು ಇವತ್ತಿಗೂ 'ಡನ್ಲಪ್ ಗಾಡಿ' ಎನ್ನುತ್ತಾರೆ. ಕಂಪನಿಯ ಹೆಸರೇ ಗಾಡಿಯ ಹೆಸರಾಗಿ ನಿಂತಿದೆ.

ಈ ಗಾಡಿಗೆ ಕೆಲಸ ಕೊಟ್ಟದ್ದು ಕೃಷ್ಣಾ ತೀರದ ಸಕ್ಕರೆ ಕಾರ್ಖಾನೆಗಳು. ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾಯಿತು. ಅದರ ಕಾರ್ಖಾನೆ ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ, ನೋಂದಾಯಿತ ಕಚೇರಿ ಸಾಂಗಲಿಯಲ್ಲಿ. ರಾಜ್ಯದ ಗಡಿ ಆಮೇಲೆ ಬಂತು, ಕಬ್ಬಿನ ನಂಟು ಮೊದಲೇ ಇತ್ತು. ಸ್ವಾತಂತ್ರ್ಯದ ಬೆನ್ನಿಗೆ ವಿಠ್ಠಲರಾವ್ ವಿಖೆ ಪಾಟೀಲರು ಪ್ರವರಾನಗರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಅದೇ ದಾರಿಯಲ್ಲಿ ವಸಂತದಾದಾ ಪಾಟೀಲರು ಸಾಂಗಲಿಯ ರೈತರನ್ನು ಒಟ್ಟುಗೂಡಿಸಿದರು. ಮುಂದೆ ಸಾಖರಾಳೆ, ವಾಳವಾ, ಕುಂಡಲ, ವಾಂಗಿ ಎಂದು ಜಿಲ್ಲೆಯುದ್ದಕ್ಕೂ ಚಿಮಣಿಗಳು ಎದ್ದವು. ಜಿಲ್ಲೆಯ ಪಶ್ಚಿಮದಲ್ಲಿ ನದಿ ನೀರು, ಕಬ್ಬು, ಕಾರ್ಖಾನೆ. ಪೂರ್ವದ ಜತ್ತ, ಆಟಪಾಡಿಗಳಲ್ಲಿ ಬರ. ಪೂರ್ವದ ಎತ್ತು ಚಳಿಗಾಲದಲ್ಲಿ ಪಶ್ಚಿಮದ ಗಾಡಿಗೆ ಹೂಡಿಕೊಳ್ಳುವುದು ಹೀಗೆ ರೂಢಿಯಾಯಿತು.

ಹೆಗಲ ಮೇಲಿನ ಲೆಕ್ಕ

ಆ ಬರದ ನಾಡೇ ಖಿಲಾರಿ ಎತ್ತಿನ ತವರು. ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೊಂಬು, ಚುರುಕು ನಡೆ. ಆಟಪಾಡಿ ತಾಲ್ಲೂಕಿನ ಖರಸುಂಡಿಯ ಸಿದ್ಧನಾಥನ ಜಾತ್ರೆ ಈ ತಳಿಯ ದನಗಳ ಸಂತೆಗೆ ಹೆಸರಾದದ್ದು.

ಎರಡು ಗಾಲಿಯ ಗಾಡಿ ತಕ್ಕಡಿಯಿದ್ದಂತೆ. ಹೊರೆ ಮುಂದಕ್ಕೆ ಹೆಚ್ಚಾದರೆ ಭಾರವೆಲ್ಲ ನೊಗದ ಮೂಲಕ ಎತ್ತಿನ ಹೆಗಲಿಗಿಳಿಯುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳ ಕಣ್ಣಿ ಬಿಗಿಯುತ್ತದೆ. ಕಬ್ಬು ಹೇರುವವರ ಕಸುಬುಗಾರಿಕೆ ಇರುವುದೇ ಈ ಸಮತೂಕದಲ್ಲಿ. ಬುಡ ಯಾವ ಕಡೆ, ತುದಿ ಯಾವ ಕಡೆ, ಅಚ್ಚಿನ ಮೇಲೆ ಎಷ್ಟು ಹೊರೆ ಎನ್ನುವುದನ್ನು ಹೆಂಗಸರು ಕೈಯಂದಾಜಿನಲ್ಲೇ ನಿಭಾಯಿಸುತ್ತಾರೆ. ಇಳಿಜಾರಿನಲ್ಲಿ ಗಾಡಿಯನ್ನು ತಡೆದು ಹಿಡಿಯುವುದೂ ಎತ್ತಿನ ಕುತ್ತಿಗೆಯೇ. ಟನ್ ಲೆಕ್ಕದಲ್ಲಿ ಕೂಲಿ ಸಿಗುವುದರಿಂದ ಇನ್ನೆರಡು ಹೊರೆ ಏರಿಸುವ ಆಸೆ ಬಿಡುವುದಿಲ್ಲ. ತಲೆಯ ಮೇಲೆ ಉಚಲದ ಸಾಲವಿರುವವನಿಗೆ ಅದು ಆಸೆಯಲ್ಲ, ಅನಿವಾರ್ಯ.

ಕಾನೂನು ಇಲ್ಲದಿಲ್ಲ. ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು ಕೇಂದ್ರ ಸರ್ಕಾರ 1965ರಲ್ಲೇ ನಿಯಮ ಮಾಡಿದೆ. ಭಾರಕ್ಕೆ ಮಿತಿಯಿದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆ ಮೀರಬಾರದು. 37 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿದ್ದರೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ.

ಎತ್ತಿನ ಹೆಗಲ ಭಾರ ಇಳಿಸಲು ಸಾಂಗಲಿ ಜಿಲ್ಲೆಯಲ್ಲೇ ಒಂದು ಒಳ್ಳೆಯ ಪ್ರಯತ್ನ ನಡೆದಿದೆ. ಇಸ್ಲಾಂಪುರದ ಹತ್ತಿರ ರಾಜಾರಾಮಬಾಪು ತಂತ್ರಜ್ಞಾನ ಸಂಸ್ಥೆಯಿದೆ. 2022ರಲ್ಲಿ ಅಲ್ಲಿನ ಆಟೊಮೊಬೈಲ್ ವಿಭಾಗದ ವಿದ್ಯಾರ್ಥಿಗಳು 'ಸಾರಥಿ' ಎಂಬ ಸಾಧನ ರೂಪಿಸಿದರು. ಜೋಡೆತ್ತಿನ ನಡುವೆ ಒಂದು ಸಣ್ಣ ಮೂರನೆಯ ಗಾಲಿ, ಅಷ್ಟೇ. ನೊಗದ ಮೇಲೆ ಬೀಳುವ ಭಾರವನ್ನು ಅದು ನೆಲಕ್ಕೆ ದಾಟಿಸುತ್ತದೆ. ಕಬ್ಬಿನ ಗಾಡಿಯನ್ನು ದಿನವೂ ಕಾಣುವ ಊರಿನ ಮಕ್ಕಳಿಗೆ ಹೊಳೆಯಬೇಕಾದ ಯೋಚನೆಯಿದು, ಅವರಿಗೇ ಹೊಳೆಯಿತು.

ಬಾಡಿಗೆಯ ಆಚೆ

ಬಾಡಿಗೆ ಪದ್ಧತಿಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ನನ್ನನ್ನು ಕಾಡುವುದು ಅದು ಅರ್ಧಕ್ಕೇ ನಿಂತಿದೆ ಎನ್ನುವುದು. ಕೆಟ್ಟರೆ ದುರಸ್ತಿಯಾಗುವ, ಸಾಯದ ವಸ್ತು ಕಾರ್ಖಾನೆಯ ಪಾಲಿಗೆ. ಕುಂಟುವ, ಬಾವು ಬರುವ, ಸಾಯುವ ಜೀವ ದುಡಿಯುವವನ ಪಾಲಿಗೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ದನದ ಸಂತೆಗಳು ಮುಚ್ಚಿದಾಗ ಇದು ಕಣ್ಣಿಗೆ ರಾಚಿತು. ಸತ್ತ ಎತ್ತಿಗೆ ಮಹಾರಾಷ್ಟ್ರ ಸರ್ಕಾರ 25,000 ರೂಪಾಯಿ ಪರಿಹಾರ ಘೋಷಿಸಿತು. ಆದರೆ ಒಂದು ಎತ್ತು ಹೋದರೆ ಉಳಿದ ಒಂಟಿ ಎತ್ತಿಗೆ ಗಾಡಿ ಹೂಡಲಾಗದು. ಬಾಡಿಗೆಯ ಗಾಡಿ, ಮುಂಗಡದ ಸಾಲ ಎರಡೂ ಹಾಗೆಯೇ ನಿಲ್ಲುತ್ತವೆ. 2024ರ ಜನವರಿಯಲ್ಲಿ ಕಬ್ಬು ಕಡಿಯುವ ಕೂಲಿ ಶೇ 34ರಷ್ಟು ಏರಿದ್ದು ಸಂಘಟನೆಯ ದೊಡ್ಡ ಗೆಲುವು. ಕೂಲಿಯ ಮಾತು ನಡೆಯುವ ಮೇಜಿನ ಮೇಲೆ ಎತ್ತಿನ ಮಾತೂ ಬರಬೇಕು.

ಹಂಗಾಮು ಮುಗಿದ ಮೇಲೆ ಗಾಡಿಗಳೆಲ್ಲ ಕಾರ್ಖಾನೆಯ ಅಂಗಳಕ್ಕೆ ಬರುತ್ತವೆ. ಟಯರು, ಅಚ್ಚು, ನೊಗ ಸರಿಯಿದೆಯೇ ಎಂದು ನೋಡಿ ಬರೆದುಕೊಳ್ಳುವುದು ಬಾಡಿಗೆ ಕೊಟ್ಟವರ ಹಕ್ಕು. ಆ ದಿನ ಅದೇ ಅಂಗಳದಲ್ಲಿ ಒಬ್ಬ ಪಶುವೈದ್ಯರು ನಿಂತು ಎತ್ತಿನ ಹೆಗಲು ಮುಟ್ಟಿ ನೋಡಲಿ. ಬಾವಿದ್ದರೆ ಔಷಧಿ, ಊನವಾಗಿದ್ದರೆ ಪರಿಹಾರ ಬಾಡಿಗೆಯ ಕರಾರಿನಲ್ಲೇ ಇರಲಿ. ಗಾಡಿ ಬಿಟ್ಟುಕೊಟ್ಟು ಜತ್ತದ ಬಿಸಿಲಿಗೆ ಮರಳುವ ಜೋಡೆತ್ತು, ಮಿರುಗ ಮಳೆ ಬಿದ್ದೊಡನೆ ಅವನ ಸ್ವಂತ ಹೊಲದ ಕೂರಿಗೆ ಎಳೆಯಬೇಕು. ಅದಕ್ಕೆ ಹೆಗಲು ಉಳಿದಿರಬೇಕು.