ಶಾಲಗ್ರಾಮದೊಳಗಣ ಪ್ರಾಣಿ

ಕಳೆದ ಆಷಾಢದ ಜಡಿಮಳೆಯಲ್ಲಿ ಕೆಂಚಮ್ಮನ ಹೊಸಕೋಟೆಯ ಸಮೀಪದ ಒಂದು ತೋಟದ ಮನೆಯಿಂದ ನಮಗೆ ಕರೆ ಬಂದಿತು. ಆ ಮನೆಯ ಯಜಮಾನರು ನಮ್ಮ ಹಳೆಯ ಸ್ನೇಹಿತರು. ಎಂಬತ್ತರ ಸಮೀಪದಲ್ಲಿದ್ದರೂ ದೇವತಾರ್ಚನೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮೊಮ್ಮಗನು ರಜೆಗೆಂದು ಬಂದವನು, ಸಂಪುಟದಲ್ಲಿದ್ದ ಶಾಲಗ್ರಾಮವನ್ನು ನೋಡಿ, "ತಾತ, ಇದು ಸತ್ತ ಬಸವನಹುಳುವಿನ ಚಿಪ್ಪು. ಯಂತ್ರದಲ್ಲಿ ಇಬ್ಭಾಗ ಮಾಡಿಸಿದರೆ ನಿಮಗೇ ಕಾಣುತ್ತದೆ" ಎಂದುಬಿಟ್ಟನಂತೆ. ಹಿರಿಯರು ಅಂದು ಊಟಕ್ಕೇಳಲಿಲ್ಲ. "ಮೇಷ್ಟ್ರೇ, ನೀವು ಸಂಸ್ಕೃತ ಓದಿದವರು, ಮಕ್ಕಳಿಗೆ ಪಾಠ ಹೇಳಿದವರು. ಇವನು ಹೇಳುವುದು ನಿಜವೇ?" ಎಂದು ನಮ್ಮನ್ನು ಕೇಳಿದರು.

ನಾವು ಕೊಟ್ಟ ಉತ್ತರವು ತಾತನಿಗಾಗಲಿ ಮೊಮ್ಮಗನಿಗಾಗಲಿ ಪೂರ್ಣವಾಗಿ ಹಿಡಿಸಲಿಲ್ಲ. ಆದಾಗ್ಯೂ ಇಂತಹ ಪ್ರಶ್ನೆಯು ಇತರ ಮನೆಗಳಲ್ಲಿಯೂ ಏಳುವುದುಂಟಾದುದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ಹುಡುಗನ ಮಾತಿನಲ್ಲಿ ಚಿಪ್ಪೆಂಬುದು ನಿಜ, ಬಸವನಹುಳುವೆಂಬುದು ತಪ್ಪು. ಮಳೆಗಾಲದಲ್ಲಿ ನಮ್ಮ ಕಾಫಿಗಿಡಗಳ ಬುಡದಲ್ಲಿ ಹರಿದಾಡುವ ಬಸವನಹುಳುವಿನ ಚಿಪ್ಪನ್ನು ಒಡೆದು ನೋಡಿದರೆ, ತುದಿಯಿಂದ ಬಾಯಿಯವರೆಗೆ ಒಂದೇ ಪೊಳ್ಳು ಸುತ್ತಿಕೊಂಡು ಬಂದಿರುತ್ತದೆ. ಶಾಲಗ್ರಾಮದೊಳಗಣ ಪ್ರಾಣಿಯ ಚಿಪ್ಪು ಹಾಗಲ್ಲ. ಅದು ಸಿಂಬಿಯಂತೆ ಚಪ್ಪಟೆಯಾಗಿ ಸುತ್ತಿದ್ದು, ಬಿದಿರಿನ ಗೆಣ್ಣುಗಳಂತೆ ಅಡ್ಡಗೋಡೆಗಳಿಂದ ಕೋಣೆಕೋಣೆಯಾಗಿ ವಿಭಾಗವಾಗಿರುತ್ತದೆ. ಪ್ರಾಣಿಯು ಹೊರಗಿನ ಕಡೆಯ ಕೋಣೆಯಲ್ಲಿ ಮಾತ್ರ ವಾಸಿಸುತ್ತಿತ್ತು. ಬೆಳೆದಂತೆಲ್ಲ ಮುಂದಕ್ಕೆ ಸರಿದು, ಹಿಂದೆ ಒಂದು ಗೋಡೆಯನ್ನು ಕಟ್ಟಿಕೊಳ್ಳುತ್ತಿತ್ತು. ಬಿಟ್ಟುಬಂದ ಕೋಣೆಗಳ ನೀರನ್ನು ಅವುಗಳ ಮೂಲಕ ಹಾಯ್ದ ಒಂದು ಸಣ್ಣ ನಾಳದಿಂದ ಹೀರಿ ತೆಗೆದು, ಅಲ್ಲಿ ವಾಯುವು ತುಂಬುವಂತೆ ಮಾಡಿ, ಸಮುದ್ರದಲ್ಲಿ ತೇಲುತ್ತಿತ್ತು. ಗೋಡೆಯು ಚಿಪ್ಪನ್ನು ಸಂಧಿಸುವ ರೇಖೆಯಾದರೋ ಜರಿಗಿಡದ ಎಲೆಯಂಚಿನಂತೆ ಬಳುಕಿ ಕವಲೊಡೆದಿರುತ್ತದೆ. ಅಕ್ಕಸಾಲಿಗನ ಕುಸುರಿಯೂ ಅದರ ಮುಂದೆ ಒರಟೆಂದೇ ಹೇಳಬೇಕು.

ಈ ಪ್ರಾಣಿಗಳಿಗೆ ಅಮೋನೈಟ್ ಎಂದು ಹೆಸರು. ಈಜಿಪ್ಟ್ ದೇಶದವರ ಅಮೋನ್ ಎಂಬ ದೇವತೆಗೆ ಟಗರಿನ ಕೊಂಬುಗಳನ್ನು ಕಲ್ಪಿಸುತ್ತಿದ್ದರು. ಈ ಚಿಪ್ಪು ಆ ಕೊಂಬಿನಂತಿರುವುದರಿಂದ ಅದೇ ಹೆಸರು ಅಂಟಿಕೊಂಡಿತು. ಆ ದೇಶದಲ್ಲಿಯೂ ದೇವರ ಹೆಸರೇ ಬಂದುದು ವಿನೋದವಲ್ಲವೆ? ಅಮೋನೈಟಿಗೆ ಹತ್ತಿರದ ಬಂಧುಗಳು ಬಸವನಹುಳುಗಳಲ್ಲ, ಆಕ್ಟೋಪಸ್ ಮತ್ತು ಸ್ಕ್ವಿಡ್ ಎಂಬ ತೋಳುಳ್ಳ ಜಲಚರಗಳು. ಇವುಗಳ ಕುಲವು ೪೦ ಕೋಟಿ ವರ್ಷಗಳಷ್ಟು ಹಿಂದೆಯೇ ಹುಟ್ಟಿ, ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಡೈನೋಸಾರುಗಳೊಡನೆ ನಿರ್ವಂಶವಾಯಿತು. ಅಂಗೈಯಲ್ಲಿ ಅಡಗುವಂಥವೂ ಇದ್ದುವು; ಜರ್ಮನಿಯಲ್ಲಿ ೧೮೯೫ರಲ್ಲಿ ದೊರೆತ ಒಂದರ ಅಡ್ಡಳತೆಯಾದರೋ ೧.೭ ಮೀಟರಿಗೂ ಮಿಗಿಲಾಗಿ ಬಂಡಿಯ ಗಾಲಿಯನ್ನು ಮೀರಿಸಿತ್ತು.

"ಸಮುದ್ರದ ಪ್ರಾಣಿ ಹಿಮಾಲಯಕ್ಕೆ ಹೇಗೆ ಹೋಯಿತು?" ಎಂದು ಯಜಮಾನರು ಕೇಳಿದರು. ಸರಿಯಾದ ಪ್ರಶ್ನೆ. ಶಾಲಗ್ರಾಮಗಳು ದೊರೆಯುವುದು ನೇಪಾಳದ ಕಾಳಿಗಂಡಕಿಯ ಪಾತ್ರದಲ್ಲಿ. ಅದರ ಮೇಲ್ಭಾಗದ ಮುಕ್ತಿನಾಥ ಕ್ಷೇತ್ರವು ಸಮುದ್ರಮಟ್ಟದಿಂದ ೩,೭೦೦ ಮೀಟರಿಗಿಂತಲೂ ಎತ್ತರದಲ್ಲಿದೆ. ಸುಮಾರು ೧೫ ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಟ್ಟವಿರಲಿಲ್ಲ. ಟೆಥಿಸ್ ಎಂಬ ಸಮುದ್ರವಿತ್ತು. ಸತ್ತ ಅಮೋನೈಟುಗಳು ಅದರ ತಳದ ಕಪ್ಪು ಕೆಸರಿನಲ್ಲಿ ಹೂತುಹೋದುವು. ಚಿಪ್ಪಿನ ಸುತ್ತಲಿನ ಕೆಸರು ಉಂಡೆಕಟ್ಟಿ ಕಲ್ಲಾಯಿತು. ಬಹುಕಾಲಾನಂತರ, ಇಂದಿಗೆ ಸುಮಾರು ೫ ಕೋಟಿ ವರ್ಷಗಳ ಹಿಂದೆ, ನಮ್ಮ ಭರತಖಂಡವು ಉತ್ತರಕ್ಕೆ ಸರಿದು ಏಷ್ಯಾಖಂಡಕ್ಕೆ ತಾಗಿದಾಗ ಸಮುದ್ರದ ತಳವೇ ಮಡಿಸಿಕೊಂಡು ಮೇಲೆದ್ದಿತು. ಈಗ ನದಿಯು ಆ ಕಲ್ಲುಗಳನ್ನು ಕೊರೆದು, ಉರುಳಿಸಿ, ನಯಮಾಡಿ ಕೊಡುತ್ತಿದೆ. ಕೆಲವು ಚಿಪ್ಪುಗಳಲ್ಲಿ ಗಂಧಕ ಮತ್ತು ಕಬ್ಬಿಣ ಸೇರಿದ ಖನಿಜವು ತುಂಬಿ ಚಿನ್ನದಂತೆ ಹೊಳೆಯುವುದುಂಟು.

ನಮ್ಮ ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಎಷ್ಟು ಅಗೆದರೂ ಇಂತಹ ಚಿಪ್ಪು ದೊರೆಯದು. ಹಾಸನ ಜಿಲ್ಲೆಯ ಗೊರೂರಿನ ಶಿಲೆಗೆ ೩೩೦ ಕೋಟಿ ವರ್ಷಗಳೆಂದು ಗಣಿಸಿದ್ದಾರೆ. ಅದು ಉಂಟಾದಾಗ ಚಿಪ್ಪುಳ್ಳ ಪ್ರಾಣಿಯೇ ಲೋಕದಲ್ಲಿರಲಿಲ್ಲ. ದಕ್ಷಿಣದಲ್ಲಿ ನೋಡಬೇಕೆನ್ನುವವರು ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಅಲ್ಲಿ ಅಮೋನೈಟುಗಳೊಡನೆ ನಿಜವಾದ ಕಡಲ ಬಸವನಹುಳುಗಳೂ ಕಲ್ಲಾಗಿವೆ; ಸ್ಟೊಲಿಜ್ಕ ಎಂಬ ವಿದ್ವಾಂಸನು ೧೮೬೦ರ ದಶಕದಲ್ಲಿ ಇವೆರಡನ್ನೂ ವಿಸ್ತಾರವಾಗಿ ವರ್ಣಿಸಿದನು.

ಇನ್ನು ಶಾಸ್ತ್ರದ ಮಾತು. ಬ್ರಹ್ಮವೈವರ್ತಪುರಾಣದಲ್ಲಿ ತುಳಸಿಯ ಶಾಪದಿಂದ ಹರಿಯು ಗಂಡಕೀತೀರದಲ್ಲಿ ಶಿಲೆಯಾಗುವ ಕಥೆಯಿದೆ. ಆ ಶಿಲೆಯ ಗುಹೆಯಲ್ಲಿ ವಜ್ರಕೀಟಗಳೆಂಬ ಗಟ್ಟಿಹಲ್ಲಿನ ಕೃಮಿಗಳು ಚಕ್ರವನ್ನು ಕೊರೆಯುವುವೆಂದು ಅಲ್ಲಿ ಹೇಳಿದೆ. ಇದನ್ನು ಕೇಳಿ ಹುಡುಗನು ಬೆರಗಾದನು. ಪೂರ್ವಿಕರಿಗೆ ವಿಜ್ಞಾನವೆಲ್ಲ ತಿಳಿದಿತ್ತೆಂದು ನಾವು ಹೇಳಲೊಲ್ಲೆವು. ಹಾಗೆ ಹೇಳಿ ಮಕ್ಕಳ ಮುಂದೆ ಹಗುರಾಗುವವರನ್ನು ಕಂಡಿದ್ದೇವೆ. ಪುರಾಣದ ಕೀಟವು ಕಲ್ಲನ್ನು ಹೊಕ್ಕಿತು. ನಿಜದ ಪ್ರಾಣಿಯು ಕಲ್ಲಾಗುವುದಕ್ಕೆ ಮೊದಲೇ ಒಳಗಿತ್ತು. ಆದರೆ ಈ ಚಕ್ರವು ಉಳಿಯಿಂದಾದುದಲ್ಲ, ಜೀವಿಯೊಂದರಿಂದಾದುದು ಎಂಬಷ್ಟನ್ನು ಅವರು ಕಣ್ಣಾರೆ ನೋಡಿ ಗ್ರಹಿಸಿದ್ದರು. ಆದಕಾರಣ, ಒಳಗೆ ಪ್ರಾಣಿಯಿತ್ತೆಂದು ಕೇಳಿ ಆಸ್ತಿಕರು ಊಟ ಬಿಡಬೇಕಾದುದಿಲ್ಲವೆಂದು ಯಜಮಾನರಿಗೆ ವಿನಯದಿಂದ ತಿಳಿಸಿದೆವು.

"ಹಾಗಾದರೆ ಕತ್ತರಿಸಬಹುದೇ?" ಎಂದನು ಹುಡುಗ. ನಾವು ಖಂಡಿತವಾಗಿ ಬೇಡವೆಂದೆವು. ಆ ಕಲ್ಲಿಗೆ ವದನವು ತೆರೆದೇ ಇದೆ. ಕೈದೀಪವನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ನೋಡಿದರೆ ಸಾಕು. ಅಲ್ಲದೆ ಐದು ತಲೆಮಾರಿನವರು ಅಭಿಷೇಕಮಾಡಿದ ಕಲ್ಲನ್ನು ಯಂತ್ರಕ್ಕೆ ಕೊಡುವ ಅಧಿಕಾರವು ಹದಿನೇಳು ವರ್ಷದವನಿಗೆ ಎಲ್ಲಿಂದ ಬಂದಿತು?

ಯಜಮಾನರ ನಿಜವಾದ ಚಿಂತೆ ಹೊರಬಿದ್ದುದು ಆಗಲೇ. "ಕೀಟವೋ ಕಲ್ಲೋ, ಅದು ಹಾಗಿರಲಿ ಮೇಷ್ಟ್ರೇ. ಮಕ್ಕಳು ಯಾರೂ ಊರಿನಲ್ಲಿಲ್ಲ. ನಾನು ಹೋದ ಮೇಲೆ ಇದಕ್ಕೆ ನೀರು ಹಾಕುವವರು ಯಾರು? ದೇವಸ್ಥಾನಕ್ಕೆ ಕೊಟ್ಟುಬಿಡಲೇ?" ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಬೆಳಗ್ಗೆ ಹುಡುಗನು ಸ್ನಾನಮಾಡಿ, ಮಡಿಯುಟ್ಟು, ತಾತನ ಪಕ್ಕದಲ್ಲಿ ಕುಳಿತನು. ಅಭಿಷೇಕದ ನೀರು ಹರಿದು ಕಲ್ಲು ಕಪ್ಪಗೆ ಮಿನುಗಿದಾಗ ವದನದ ಕಡೆಗೆ ಬಾಗಿ, ಬೆರಳನ್ನು ತಾಗಿಸದೆ, ಚಕ್ರದ ಏಣುಗಳನ್ನು ಎಣಿಸತೊಡಗಿದನು. ಇಪ್ಪತ್ತಮೂರಕ್ಕೆ ಲೆಕ್ಕ ತಪ್ಪಿತು. ತಾತನು ಗಂಟೆಯನ್ನು ಕೆಳಗಿಟ್ಟು, ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದರು.